ವ್ಯಾಟ್ ನೋಡಿ ಮರುಳಾಗಬೇಡಿ, ಓಮ್ ಲೆಕ್ಕ ಹಾಕಿ ಆಂಪ್ ತನ್ನಿ

ಹುಬ್ಬಳ್ಳಿ ಇರಲಿ, ಗದಗ ಇರಲಿ, ಹಾವೇರಿ ಇರಲಿ, ಕಾರಿಗೆ ಸೌಂಡ್ ಸಿಸ್ಟಮ್ ಹಾಕುವ ಅಂಗಡಿಗಳಲ್ಲಿ ಕೇಳಿಬರುವ ದೂರು ಒಂದೇ: “ಅಣ್ಣಾರ, ಡಬ್ಬಿ ಮ್ಯಾಲೆ ಎರಡು ಸಾವಿರ ವ್ಯಾಟ್ ಅಂತ ಬರ್ದಾರ್ರೀ, ಬೇಸ್ ಮಾತ್ರ ಬರವಲ್ದು.” ಬಹಳ ಸಲ ಬೇಸ್ ನುಡಿಸುವ ದೊಡ್ಡ ಸ್ಪೀಕರ್, ಅಂದರೆ ಸಬ್‌ವೂಫರ್ (ಸಬ್) ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಶಕ್ತಿ ಕೊಡುವ ಆಂಪ್ಲಿಫೈಯರ್ (ಆಂಪ್) ಕೂಡ ಕೆಟ್ಟದ್ದೇನಲ್ಲ. ಎರಡಕ್ಕೂ ಜೋಡಿ ಕೂಡಿರುವುದಿಲ್ಲ. ಗೆಳೆಯ ಹೇಳಿದ ಅಂತ ಸಬ್, ಆಫರ್ ಬಂತು ಅಂತ ಆಂಪ್, ಅಂಗಡಿಯವರು ಕೊಟ್ಟರು ಅಂತ ಡೋರ್ ಸ್ಪೀಕರ್, ಹೀಗೆ ಬಿಡಿಬಿಡಿಯಾಗಿ ತಂದವರ ಹಣ ನೀರುಪಾಲಾಗುವುದನ್ನು ನೋಡಿ ನೋಡಿ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಸಬ್‌ವೂಫರ್ ಗೊತ್ತು ಮಾಡಿಕೊಳ್ಳಿ, ಆಮೇಲೆ ಆಂಪ್. ಈ ಕ್ರಮ ತಪ್ಪಿಸಬೇಡಿ. ಸ್ವಿಫ್ಟ್, ಐ20ಯಂಥ ಕಾರಿಗೆ 10 ಇಂಚಿನ ಒಂದೇ ಸಬ್ ಸಾಕು. ಕಿಟಕಿ ಮುಚ್ಚಿದ ಸಣ್ಣ ಕಾರಿನೊಳಗೆ ಕೆಳದನಿ ತಾನಾಗಿಯೇ ಏರುತ್ತದೆ. ಡಿಕ್ಕಿ ತುಂಬ ಎರಡು 12 ಇಂಚು ಹಾಕಿಸಿ, ಊರಿಗೆ ಹೋಗುವಾಗ ಚೀಲ ಇಡಲು ಜಾಗವಿಲ್ಲದೆ ಸಬ್ ಕೂರಿಸಿದ ಡಬ್ಬಿಯನ್ನೇ ಮನೆಯಲ್ಲಿ ಬಿಟ್ಟು ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಸಿಎನ್‌ಜಿ ಸಿಲಿಂಡರ್ ಇರುವ ಕಾರಾದರೆ ಸೀಟಿನ ಕೆಳಗೆ ಕೂರುವ, ಒಳಗೇ ಆಂಪ್ ಇರುವ ಸಬ್ ತನ್ನಿ. ಅದಕ್ಕೆ ಮುಂದಿನ ಲೆಕ್ಕಗಳ ಗೊಡವೆಯೇ ಇಲ್ಲ.

ಆರ್‌ಎಂಎಸ್ ಒಂದನ್ನೇ ನೋಡಿ

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿರುವ ‘ಮ್ಯಾಕ್ಸ್’, ‘ಪೀಕ್’ ವ್ಯಾಟ್ ಬರೀ ಪ್ರಚಾರ. ನಿಮಗೆ ಬೇಕಾದದ್ದು ಆರ್‌ಎಂಎಸ್, ಅಂದರೆ ಸತತವಾಗಿ ತಡೆದುಕೊಳ್ಳುವ ಅಥವಾ ಕೊಡುವ ಶಕ್ತಿ. ಸಬ್ 300 ವ್ಯಾಟ್ ಆರ್‌ಎಂಎಸ್ ಇದ್ದರೆ ಆಂಪ್ ಕೂಡ 300ರ ಆಸುಪಾಸಿನಲ್ಲಿ ಆರ್‌ಎಂಎಸ್ ಕೊಡಬೇಕು. 250 ಆದರೂ ನಡೆಯುತ್ತದೆ, 400 ಆದರೂ ನಡೆಯುತ್ತದೆ. ನಾನು ಯಾವಾಗಲೂ ಸ್ವಲ್ಪ ಹೆಚ್ಚಿನದನ್ನೇ ತನ್ನಿ ಅನ್ನುತ್ತೇನೆ. ಚಿಕ್ಕ ಆಂಪನ್ನು ಮಿತಿಮೀರಿ ಏರಿಸಿ ಒಡಕು ದನಿ ಬರಿಸುವುದಕ್ಕಿಂತ ದೊಡ್ಡದನ್ನು ತಗ್ಗಿಸಿ ಇಡುವುದು ಲೇಸು. ಒಡೆದ ದನಿ ಸ್ಪೀಕರಿನೊಳಗಿನ ತಂತಿ ಸುರುಳಿಯನ್ನು, ಅಂದರೆ ಕಾಯಿಲನ್ನು ಸುಡಬಹುದು.

ಆಂಪ್ ಹೇಳುವ ವ್ಯಾಟ್ ನಿಜವೋ ಸುಳ್ಳೋ ತಿಳಿಯಲು ಅದರ ಪಕ್ಕದಲ್ಲಿರುವ ಫ್ಯೂಸ್ ನೋಡಿ. 25 ಆಂಪಿಯರಿನ ಎರಡು ಫ್ಯೂಸ್ ಇದ್ದರೆ ಒಟ್ಟು 50. ಅದನ್ನು ಗಾಡಿ ಚಾಲೂ ಇದ್ದಾಗಿನ 13.8 ವೋಲ್ಟಿನಿಂದ ಗುಣಿಸಿದರೆ 690 ವ್ಯಾಟ್. ಒಳಗೆ ಹೋಗುವುದೇ ಅಷ್ಟು. ಕ್ಲಾಸ್ ಡಿ ಎಂಬ ಬಗೆಯ ಆಂಪ್ ಆದರೆ ಅದರಲ್ಲಿ ಸುಮಾರು ಶೇ 80, ಅಂದರೆ 550 ವ್ಯಾಟ್ ಹೊರಗೆ ಬರಬಹುದು. ಕ್ಲಾಸ್ ಎಬಿ ಬಗೆಯದಾದರೆ ಶೇ 50-60 ಮಾತ್ರ. ಅದೇ ಆಂಪಿನ ಮೇಲೆ ‘5000 ವ್ಯಾಟ್’ ಅಂತ ಅಚ್ಚು ಹಾಕಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಸಿಇಎ-2006 (ಈಗಿನ ಹೆಸರು ಸಿಟಿಎ-2006) ಎಂಬ ಮಾನದಂಡದ ಗುರುತಿದ್ದರೆ ನಂಬಬಹುದು. 14.4 ವೋಲ್ಟ್, 4 ಓಮ್, ಶೇ 1ಕ್ಕಿಂತ ಹೆಚ್ಚು ಒಡಕಿಲ್ಲದ ದನಿ, ಈ ಷರತ್ತಿನಲ್ಲಿ ಅಳೆದ ಅಂಕಿ ಅದು. ಜೆಬಿಎಲ್, ಪಯೋನಿಯರ್, ಆಲ್ಪೈನ್ ಥರದ ಹಳೆಯ ಕಂಪನಿಗಳು ಆರ್‌ಎಂಎಸ್ ಅಂಕಿಯನ್ನು ಬೇರೆಯಾಗಿಯೇ ಬರೆಯುತ್ತವೆ. ಡಬ್ಬಿಯಲ್ಲಿ, ಕೈಪಿಡಿಯಲ್ಲಿ ಎಲ್ಲೂ ಆರ್‌ಎಂಎಸ್ ಬರೆಯದ ಮಾಲನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ.

ಎಲ್ಲರೂ ಎಡವುವುದು ಇಲ್ಲೇ: ಓಮ್

ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ಆಂಪ್ ಎಷ್ಟು ವ್ಯಾಟ್ ಕೊಡುತ್ತದೆ ಅನ್ನುವುದು ಅದಕ್ಕೆ ಎಷ್ಟು ಓಮ್ ತಗುಲಿಸಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಓಮ್ ಕಡಿಮೆಯಾದಷ್ಟೂ ಆಂಪ್ ಹೆಚ್ಚು ಕರೆಂಟ್ ಕೊಡಬೇಕಾಗುತ್ತದೆ. ತೀರಾ ಕಡಿಮೆಯಾದರೆ ಪ್ರೊಟೆಕ್ಟ್ ದೀಪ ಹತ್ತಿ ಬಂದ್ ಆಗುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ಹೆಚ್ಚಾದರೆ ಕೆಡುವುದೇನೂ ಇಲ್ಲ, ಆದರೆ ದುಡ್ಡು ಕೊಟ್ಟಷ್ಟು ದನಿ ಬರುವುದಿಲ್ಲ.

ಸಬ್‌ನಲ್ಲಿ ಎರಡು ಬಗೆ. ಒಂದೇ ಕಾಯಿಲ್‌ನದು, ಎರಡು ಕಾಯಿಲ್‌ನದು. ಹಿಂಬದಿಯಲ್ಲಿ ಒಂದು ಜೊತೆ ಟರ್ಮಿನಲ್ ಇದ್ದರೆ ಒಂದೇ ಕಾಯಿಲ್, ಎರಡು ಜೊತೆ ಇದ್ದರೆ ಎರಡು. ಈಗ 4 ಓಮಿನ ಎರಡು ಕಾಯಿಲ್ ಇರುವ, 300 ವ್ಯಾಟ್ ಆರ್‌ಎಂಎಸ್‌ನ ಸಬ್ ತಂದಿರಿ ಅನ್ನಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ ಪ್ಯಾರಲಲ್, ಒಟ್ಟು 2 ಓಮ್. ಒಂದು ಕಾಯಿಲ್‌ನ ಮೈನಸ್‌ನಿಂದ ಇನ್ನೊಂದರ ಪ್ಲಸ್‌ಗೆ ತಂತಿ ಎಳೆದು, ಉಳಿದೆರಡು ತುದಿ ಆಂಪಿಗೆ ಕೊಟ್ಟರೆ ಸೀರೀಸ್, ಒಟ್ಟು 8 ಓಮ್. ನಿಮ್ಮ ಆಂಪ್ 2 ಓಮಿನಲ್ಲಿ 300 ವ್ಯಾಟ್ ಕೊಡುವಂಥದ್ದಾದರೆ ಅದೇ ಆಂಪ್ 8 ಓಮಿನಲ್ಲಿ ನೂರರ ಹತ್ತಿರ ಬಂದು ನಿಲ್ಲುತ್ತದೆ. ಫಿಟ್ಟಿಂಗ್ ಮಾಡಿದ ಹುಡುಗ ಅವಸರದಲ್ಲಿ ಸೀರೀಸ್ ಹಾಕಿದ್ದರೆ ಬೇಸ್ ಎಲ್ಲಿಂದ ಬರಬೇಕು? ಎರಡೇ ತಂತಿ ಬದಲಿಸಿದರೆ ಮುಗಿಯುವ ಈ ಕೆಲಸಕ್ಕೆ ಹೊಸ ಸಬ್ ಕೊಂಡವರಿದ್ದಾರೆ. ಒಂದು ಕಾಯಿಲ್‌ಗೆ ಮಾತ್ರ ತಂತಿ ಕೊಟ್ಟು ಇನ್ನೊಂದನ್ನು ಖಾಲಿ ಬಿಡುವುದಂತೂ ಶುದ್ಧ ತಪ್ಪು. ಆಗ ಸಬ್ ತಡೆದುಕೊಳ್ಳುವ ಶಕ್ತಿಯೇ ಅರ್ಧವಾಗುತ್ತದೆ.

ಎರಡು ಸಬ್ ಬೇಕೇ ಬೇಕು ಅನ್ನುವವರು ಇನ್ನಷ್ಟು ಎಚ್ಚರವಾಗಿರಬೇಕು. 4 ಓಮಿನ ಎರಡು ಕಾಯಿಲ್ ಇರುವ ಎರಡು ಸಬ್‌ಗಳನ್ನು ಪೂರ್ತಿ ಪ್ಯಾರಲಲ್ ಮಾಡಿದರೆ 1 ಓಮ್. ಒಂದೊಂದನ್ನೂ ಸೀರೀಸ್ ಮಾಡಿ ಆಮೇಲೆ ಎರಡನ್ನೂ ಪ್ಯಾರಲಲ್ ಮಾಡಿದರೆ 4 ಓಮ್. ಎಲ್ಲ ಕಾಯಿಲ್‌ಗೂ ಸಮನಾಗಿ ಶಕ್ತಿ ಹಂಚುತ್ತ 2 ಓಮ್ ತರುವ ದಾರಿ ಇದರಲ್ಲಿಲ್ಲ. ಆಂಪ್ 2 ಓಮಿಗಿಂತ ಕೆಳಗೆ ಇಳಿಯುವಂಥದ್ದಲ್ಲ ಎಂದಾದರೆ 2 ಓಮಿನ ಎರಡು ಕಾಯಿಲ್ ಇರುವ ಸಬ್‌ಗಳನ್ನು ತನ್ನಿ. ಒಂದೊಂದು ಸೀರೀಸ್‌ನಲ್ಲಿ 4, ಎರಡೂ ಪ್ಯಾರಲಲ್‌ನಲ್ಲಿ 2. ಅಥವಾ 4 ಓಮಿನ ಒಂದೇ ಕಾಯಿಲ್ ಇರುವ ಎರಡು ಸಬ್ ಪ್ಯಾರಲಲ್ ಮಾಡಿ. ಬೇರೆ ಬೇರೆ ಕಂಪನಿಯ, ಬೇರೆ ಬೇರೆ ಓಮಿನ ಸಬ್‌ಗಳನ್ನು ಒಂದೇ ಆಂಪಿಗೆ ಕಟ್ಟಬೇಡಿ.

ಬಾಯಿಮಾತು ನಂಬದೆ ಓಮ್, ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಮೊದಲು ಮೀಟರಿನ ಎರಡೂ ಕಡ್ಡಿ ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೆ ನೋಡಿಕೊಳ್ಳಿ. 0.3 ತೋರಿಸಿದರೆ ಮುಂದಿನ ಅಳತೆಯಲ್ಲಿ ಅಷ್ಟು ಕಳೆಯಿರಿ. ಆಂಪಿನಿಂದ ಸಬ್ ತಂತಿ ಬಿಚ್ಚಿ, ಆ ತುದಿಗಳಲ್ಲೇ ಅಳೆಯಿರಿ. 4 ಓಮ್ ಅನ್ನುವುದು ಮೀಟರಿನಲ್ಲಿ 3.2ರಿಂದ 3.8ರ ನಡುವೆ ಕಾಣುತ್ತದೆ, 2 ಓಮ್ ಅನ್ನುವುದು 1.6ರಿಂದ 1.9. ಏಳರ ಸುತ್ತ ತೋರಿಸಿದರೆ ಸೀರೀಸ್ ಹಾಕಿದ್ದಾರೆ ಎಂದೇ ಅರ್ಥ.

ಮನೆಮಂದಿಯ ಕಾರಿಗೆ ನನ್ನ ಆಯ್ಕೆ

ಒಂದು ಒಳ್ಳೆಯ 4 ಚಾನೆಲ್ ಆಂಪ್. ಮುಂದಿನ ಎರಡು ಚಾನೆಲ್ ಡೋರ್ ಸ್ಪೀಕರ್‌ಗೆ, ಹಿಂದಿನ ಎರಡನ್ನು ಬ್ರಿಜ್ ಮಾಡಿ, ಅಂದರೆ ಒಂದೇ ಚಾನೆಲ್ ಆಗುವಂತೆ ಕೂಡಿಸಿ, ಸಬ್‌ಗೆ. ಬ್ರಿಜ್ ಮಾಡಿದಾಗ ಇಂಥ ಆಂಪ್‌ಗಳು ಸಾಮಾನ್ಯವಾಗಿ 4 ಓಮಿಗಿಂತ ಕೆಳಗೆ ತಾಳುವುದಿಲ್ಲ. ಆದ್ದರಿಂದ ಸಬ್ 4 ಓಮಿನ ಒಂದೇ ಕಾಯಿಲ್‌ನದೇ ಇರಲಿ. ಡೋರ್ ಸ್ಪೀಕರ್ 50-60 ವ್ಯಾಟ್ ಆರ್‌ಎಂಎಸ್‌ನ ಕಾಂಪೊನೆಂಟ್ ಸೆಟ್ (ವೂಫರ್, ಟ್ವೀಟರ್ ಬೇರೆ ಬೇರೆ ಇರುವಂಥದ್ದು). ಹಿಂದಿನ ಬಾಗಿಲಿಗೆ ದುಡ್ಡು ಹಾಕಬೇಡಿ, ಅದೇ ದುಡ್ಡಿನಲ್ಲಿ ಮುಂದಿನ ಬಾಗಿಲುಗಳಿಗೆ ತಗಡಿನ ಅದುರು ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸಿ. ಹುಬ್ಬಳ್ಳಿ-ಗದಗ ಹೆದ್ದಾರಿಯಲ್ಲಿ ಹೋಗುವಾಗ ವ್ಯತ್ಯಾಸ ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಸ್ಟೀರಿಯೊದ ಮೇಲೆ ‘50 ವ್ಯಾಟ್ x 4’ ಅಂತ ಇದೆಯಲ್ಲ, ಅದು ಪೀಕ್. ನಿಜಕ್ಕೆ ಒಂದೊಂದಕ್ಕೆ ಬರುವುದು 15-20 ವ್ಯಾಟ್. ಸಬ್‌ಗೆ ಮಾತ್ರ ಆಂಪ್ ಹಾಕಿಸಿ ಡೋರ್ ಸ್ಪೀಕರ್‌ಗಳನ್ನು ಸ್ಟೀರಿಯೊಗೇ ಬಿಟ್ಟರೆ ಹಾಡುಗಾರರ ದನಿ ಬೇಸ್‌ನೊಳಗೆ ಮುಳುಗಿಹೋಗುತ್ತದೆ.

ಕಂಪನಿಯ ಸ್ಟೀರಿಯೊ ಉಳಿಸಿಕೊಳ್ಳುವವರು ಹೈ ಲೆವೆಲ್ ಇನ್‌ಪುಟ್ ಇರುವ, ಅಂದರೆ ಸ್ಪೀಕರ್ ತಂತಿಯಿಂದಲೇ ದನಿ ತೆಗೆದುಕೊಳ್ಳುವ ಆಂಪ್ ಕೇಳಿ. ಕಾರಿನ ತಂತಿ ಕತ್ತರಿಸಲು ಬಿಡಬೇಡಿ, ಕತ್ತರಿಸದೆ ಜೋಡಿಸುವ ಕಪ್ಲರ್ ಸಿಗುತ್ತದೆ.

ಸಬ್ ಕೂರಿಸುವ ಡಬ್ಬಿ 18 ಮಿ.ಮೀ. ಎಂಡಿಎಫ್‌ನದಿರಲಿ (ಮರದ ನಾರು ಒತ್ತಿ ಮಾಡಿದ ಹಲಗೆ), ಅಳತೆ ಸಬ್ ಜೊತೆ ಬರುವ ಕೈಪಿಡಿಯಲ್ಲಿ ಇದ್ದಂತೆಯೇ ಇರಲಿ. ಧಾರವಾಡದ ಮಳೆಗಾಲದ ತೇವಕ್ಕೆ ಎಂಡಿಎಫ್ ಉಬ್ಬುತ್ತದೆ, ಹೊರಗೆಲ್ಲ ವಾರ್ನಿಶ್ ಹೊಡೆಸಿ. ನನಗೆ ಸೀಲ್ ಮಾಡಿದ ಡಬ್ಬಿಯೇ ಇಷ್ಟ, ಡೊಳ್ಳಿನ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೆ.

ತಂತಿಯಲ್ಲಿ ಜಿಪುಣತನ ಬೇಡ

300 ವ್ಯಾಟಿನ ಕ್ಲಾಸ್ ಡಿ ಆಂಪ್ ಸುಮಾರು 27 ಆಂಪಿಯರ್ ಎಳೆಯುತ್ತದೆ, 500 ವ್ಯಾಟಿನದು 45. ಮೊದಲನೆಯದಕ್ಕೆ 8 ಗೇಜ್, ಎರಡನೆಯದಕ್ಕೆ 4 ಗೇಜ್ ತಂತಿ (ಗೇಜ್ ಅಂಕಿ ಇಳಿದಷ್ಟೂ ತಂತಿ ದಪ್ಪ), ಎರಡೂ ಶುದ್ಧ ತಾಮ್ರದ್ದು. ಅಗ್ಗದ ಕಿಟ್‌ಗಳಲ್ಲಿ ಬರುವುದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಫ್ಯೂಸ್ ಇರಬೇಕು. ಅದಿಲ್ಲದೆ ತಂತಿ ಎಲ್ಲಾದರೂ ಕಾರಿನ ತಗಡಿಗೆ ತಾಗಿದರೆ ಗಾಡಿಗೇ ಬೆಂಕಿ ಹತ್ತುತ್ತದೆ. ಅರ್ಥಿಂಗ್ ತಂತಿ ಅಷ್ಟೇ ದಪ್ಪ, ಆದಷ್ಟು ಗಿಡ್ಡ, ಬಣ್ಣ ಕೆರೆದ ತಗಡಿಗೆ. ಸ್ಟೀರಿಯೊದಿಂದ ಆಂಪಿಗೆ ದನಿ ಒಯ್ಯುವ ಆರ್‌ಸಿಎ ಕೇಬಲ್ ಕಾರಿನ ಇನ್ನೊಂದು ಬದಿಯಿಂದ.

ಬ್ಯಾಡಗಿ, ರಾಣೆಬೆನ್ನೂರು ಕಡೆಯ ಟ್ರ್ಯಾಕ್ಟರ್ ಹುಡುಗರಿಗೆ ಒಂದು ಮಾತು. ತಮ್ಮಂದಿರಾ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಟ್ರ್ಯಾಕ್ಟರಿನಲ್ಲಿ ಸಣ್ಣದು. ಎಂಜಿನ್ ಬಂದ್ ಮಾಡಿ ಕಬ್ಬಿನ ಗದ್ದೆಯಲ್ಲಿ ಸಾವಿರ ವ್ಯಾಟ್ ಬಾರಿಸಿದರೆ ಬ್ಯಾಟರಿ ಇಳಿದು ಸೆಲ್ಫ್ ಎತ್ತುವುದಿಲ್ಲ. 300 ವ್ಯಾಟಿನೊಳಗೇ ಇರಿ.

ಗೇನ್ ಅಂದರೆ ವಾಲ್ಯೂಮ್ ಅಲ್ಲ

ಅದು ಸ್ಟೀರಿಯೊ ಮತ್ತು ಆಂಪನ್ನು ಹೊಂದಿಸುವ ತಿರುಪು. ಕಿವಿಯಿಂದ ಅಂದಾಜು ಮಾಡಿ ಹೊಂದಿಸುವುದು ಬಹಳ ಸಲ ಎಡವಟ್ಟಾಗುತ್ತದೆ. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆಯಿರಿ, ಆಂಪ್ ಕೊಡಬೇಕಾದ ವೋಲ್ಟ್ ಸಿಗುತ್ತದೆ. 300 ವ್ಯಾಟ್, 2 ಓಮ್ ಆದರೆ 600ರ ವರ್ಗಮೂಲ, 24.5 ವೋಲ್ಟ್. ಸಬ್ ತಂತಿ ಬಿಚ್ಚಿ, ಗೇನ್ ಪೂರ್ತಿ ಇಳಿಸಿ, ಬೇಸ್ ಬೂಸ್ಟ್ ಬಂದ್ ಮಾಡಿ, ಈಕ್ವಲೈಸರ್ ಎಲ್ಲ ಸೊನ್ನೆಗೆ ತನ್ನಿ. ಕೆಳದನಿಯನ್ನು ಮಾತ್ರ ಬಿಡುವ ಲೋ ಪಾಸ್ ಫಿಲ್ಟರ್ 80 ಹರ್ಟ್ಜ್‌ಗಿಡಿ. ಎಂಜಿನ್ ಚಾಲೂ ಇರಲಿ. ಪೆನ್ ಡ್ರೈವ್‌ನಲ್ಲಿ 50 ಹರ್ಟ್ಜ್‌ನ ಟೋನ್ ಹಾಕಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಏರಿಸಿ, ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪಿನ ಸ್ಪೀಕರ್ ಟರ್ಮಿನಲ್‌ಗೆ ಹಿಡಿಯಿರಿ. 24.5 ಬರುವ ತನಕ ಗೇನ್ ನಿಧಾನವಾಗಿ ತಿರುಗಿಸಿ, ಬಂದ ಕೂಡಲೇ ನಿಲ್ಲಿಸಿ. ಗಾಡಿ ಬಂದ್ ಮಾಡಿ ಸಬ್ ಜೋಡಿಸಿ. ಆ ತಿರುಪನ್ನು ಇನ್ನು ಯಾರೂ ಮುಟ್ಟಬಾರದು. ಬೇಸ್ ಏರಿಳಿಸುವ ಗುಂಡಿ (‘ಬಾಸ್ ನಾಬ್’) ತಂದು ಡ್ಯಾಶ್‌ಬೋರ್ಡಿಗೆ ಹಾಕಿಸಿದ್ದರೂ ಅಳೆಯುವಾಗ ಅದನ್ನು ಪೂರ್ತಿ ಏರಿಸಿಯೇ ಅಳೆಯಿರಿ.

ಡೋರ್ ಸ್ಪೀಕರ್‌ಗೆ ಮೇಲಿನ ದನಿಯನ್ನು ಮಾತ್ರ ಬಿಡುವ ಹೈ ಪಾಸ್ ಫಿಲ್ಟರ್ 80 ಹರ್ಟ್ಜ್.

ಎರಡು ಸಬ್ ಇದ್ದು ಬೇಸ್ ಒಂದಕ್ಕಿಂತಲೂ ತೆಳ್ಳಗಿದೆ ಅನಿಸಿದರೆ ಒಂದರ ಪ್ಲಸ್ ಮೈನಸ್ ಅದಲುಬದಲಾಗಿದೆ, ತಿರುಗಿಸಿ ಹಾಕಿ. ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಜೋರಾಗಿ ಹಾಡು ಹಾಕಿ, ಬಾನೆಟ್ ಎತ್ತಿ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಕಾದಿದ್ದರೆ ಬ್ಯಾಟರಿಯ ತಂತಿ ಬಿಚ್ಚಿ, ಹೋಲ್ಡರಿನ ಸ್ಕ್ರೂ ಬಿಗಿ ಮಾಡಿ. ಆಮೇಲೂ ಕಾದರೆ ಹೋಲ್ಡರ್ ಬದಲಿಸಿ.