88 ವ್ಯಾಟ್‌ನ ಬೇಲಿ: ಕಲಬುರಗಿ ಬೇಸಿಗೆಯಲ್ಲಿ ರೈಜೆನ್ 7700ಎಕ್ಸ್ ತಂಪಾಗಿಟ್ಟ ಬಗೆ

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಏಪ್ರಿಲ್ ಕೊನೆ, ಸಂಜೆ ಐದರ ಹೊತ್ತು, ಕೋಣೆಯಲ್ಲಿ 38 ಡಿಗ್ರಿ, ಎ.ಸಿ. ಇಲ್ಲ. ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ವೇಗ ಅಳೆಯುವ ಸಿನೆಬೆಂಚ್ ಆರ್23 ಅರ್ಧ ಗಂಟೆ ಓಡಿಸಿದರೆ ಮೊದಲು 95ಕ್ಕೆ ಹೋಗಿ ಅಂಟಿಕೊಳ್ಳುತ್ತಿದ್ದ ಎಎಂಡಿಯ ರೈಜೆನ್ 7700ಎಕ್ಸ್ ಪ್ರೊಸೆಸರ್ ಈಗ 74-75ಕ್ಕೆ ನಿಲ್ಲುತ್ತದೆ. ಸ್ಕೋರ್‌ನಲ್ಲಿ ಕಳೆದುಕೊಂಡದ್ದು ಶೇಕಡಾ ಎರಡರಷ್ಟು, ಅಷ್ಟೂ ಇಲ್ಲವೇನೋ. ಕೂಲರ್ ಮೊದಲಿದ್ದದ್ದೇ: ತರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ, ಕೊಂಡಾಗ ₹3,800 ಆಸುಪಾಸು. ‘360 ಎಐಒ (360 ಮಿಲಿಮೀಟರ್ ರೇಡಿಯೇಟರ್‌ನ, ನೀರಿನಿಂದ ತಂಪು ಮಾಡುವ ಕೂಲರ್) ಹಾಕದೆ ನಿಮ್ಮ ಊರಲ್ಲಿ ಆಗದ ಮಾತು’ ಎಂದವರು ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಂದ ಹಿಡಿದು ಇಲ್ಲಿಯ ಸೂಪರ್ ಮಾರ್ಕೆಟ್ ಪೇಟೆಯವರೆಗೂ ಇದ್ದರು. ಅವರಿಗಾಗಿಯೇ ಇದನ್ನು ಬರೆದಿಡುತ್ತಿದ್ದೇನೆ ಅಂದುಕೊಂಡರೂ ಸರಿ.

ಈ ಚಿಪ್ ಬಳಸಿದವರಿಗೆ ಗೊತ್ತು, 95 ಎಂಬುದು ಇದರ ಮಿತಿಯಷ್ಟೇ ಅಲ್ಲ, ಬಿಟ್ಟರೆ ಇದು ಹೋಗಿ ಕೂರುವ ಜಾಗವೂ ಹೌದು. ಡಬ್ಬಿಯ ಮೇಲೆ 105 ವ್ಯಾಟ್ ಟಿಡಿಪಿ (ಕೂಲರ್ ಆಯ್ಕೆಗೆಂದು ಕಂಪನಿ ಕೊಡುವ ಶಾಖದ ಅಂಕಿ), ಒಳಗಿನ ಪಿಪಿಟಿ, ಅಂದರೆ ಚಿಪ್ ನಿಜಕ್ಕೂ ಎಳೆಯಬಹುದಾದ ವಿದ್ಯುತ್ತಿನ ಮಿತಿ, 142. ಎಂಟೂ ಕೋರ್ ಇರುವ ಸಿಲಿಕಾನ್ ತುಂಡು ಸುಮಾರು 70 ಚದರ ಮಿಲಿಮೀಟರ್, ಕಿರುಬೆರಳಿನ ಉಗುರಿನಷ್ಟು. ಅದರ ಮೇಲೆ ಹಿಂದಿನ ತಲೆಮಾರಿನ ಎಎಂ4 ಸಾಕೆಟ್‌ನ ಕೂಲರ್‌ಗಳೂ ಕೂರಲಿ ಎಂದು ದಪ್ಪ ಮಾಡಿದ ಲೋಹದ ಮುಚ್ಚಳ. ಶಾಖ ಹೊರಬರುವ ಬಾಗಿಲೇ ಕಿರಿದಾಗಿರುವಾಗ ಹೊರಗೆ ಎಷ್ಟು ದೊಡ್ಡ ರೇಡಿಯೇಟರ್ ಇಟ್ಟರೆ ಏನು ಬಂತು?

ಆದರೂ ದುಡ್ಡು ಸುರಿಯದೆ ಯಾರೂ ಇದನ್ನು ನಂಬುವುದಿಲ್ಲ. ಮೊದಲು ಹೋದದ್ದು 240 ಎಐಒಗೆ, ₹7,200. ಮೊದಲ ಹತ್ತು ನಿಮಿಷ 90-91 ತೋರಿಸಿತು. ಇಪ್ಪತ್ತು ನಿಮಿಷ ದಾಟಿದ ಮೇಲೆ ಒಳಗಿನ ನೀರು ಕಾದು ಮತ್ತೆ 94. ನೀರು ಎಂದಿದ್ದರೂ ಕೋಣೆಯ ಗಾಳಿಗಿಂತ ಕೆಳಗೆ ಇಳಿಯುವುದಿಲ್ಲ. 38ರ ಕೋಣೆಯಲ್ಲಿ ಅದು 47-48ಕ್ಕೆ ಏರಿ ಕೂರುತ್ತದೆ. ಯೂಟ್ಯೂಬ್‌ನಲ್ಲಿ ಕಾಣುವ ಬಹುಪಾಲು ಪರೀಕ್ಷೆಗಳು ತಂಪು ಕೋಣೆಯವು ಎಂಬುದನ್ನು ಈ ಕಡೆಯ ಗ್ರಾಹಕರಿಗೆ ಯಾವ ಅಂಗಡಿಯವರೂ ಹೇಳುವುದಿಲ್ಲ. ಎಐಒವನ್ನು ₹4,500ಕ್ಕೆ ಮಾರಿಬಿಟ್ಟೆ.

ಆಮೇಲೆ ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಪೇಸ್ಟ್. ಚುಕ್ಕೆ, ಅಡ್ಡಗೆರೆ, ಎಕ್ಸ್, ಪೂರ್ತಿ ಸವರುವುದು ಎಲ್ಲಾ ನೋಡಿದ್ದಾಯಿತು. ಸಾಕಷ್ಟು ಹಾಕಿ, ಸ್ಕ್ರೂಗಳನ್ನು ಒಂದಾದ ಮೇಲೊಂದು ಎರಡೆರಡು ಸುತ್ತು ತಿರುಗಿಸಿ ಬಿಗಿದರೆ ಇವುಗಳ ನಡುವೆ ಒಂದು ಡಿಗ್ರಿಯ ವ್ಯತ್ಯಾಸವೂ ಇಲ್ಲ. ವ್ಯತ್ಯಾಸ ಕಂಡದ್ದು ₹80ರ ಬೂದು ಟ್ಯೂಬ್‌ನಲ್ಲಿ: ಹಾಕಿದ ದಿನ ಸರಿಯಾಗೇ ಇರುತ್ತದೆ, ಒಂದು ಬೇಸಿಗೆ ಮುಗಿಯುವಷ್ಟರಲ್ಲಿ ಒಣಗಿ ಸುಣ್ಣದ ಹಾಗಾಗಿ ನಾಲ್ಕೈದು ಡಿಗ್ರಿ ಏರಿಸುತ್ತದೆ. ಆರ್ಕ್ಟಿಕ್ ಎಂಎಕ್ಸ್-6 ₹700ರಷ್ಟಾಯಿತು. ಅದಕ್ಕಿಂತ ಹೆಚ್ಚು ಪೇಸ್ಟ್‌ಗೆ ಖರ್ಚು ಮಾಡಬೇಡಿ.

ಇಷ್ಟಾದ ಮೇಲೆ ಕೈಗೆ ಬಂದದ್ದು ಒಂದು ಕಚ್ಚಾ ಲೆಕ್ಕ. ಪೂರ್ತಿ ಲೋಡ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ (ಯಂತ್ರದ ಸೆನ್ಸರ್ ಓದುವ ತಂತ್ರಾಂಶ) ತೋರಿಸುವ ಸಿಪಿಯು ಪ್ಯಾಕೇಜ್ ಪವರ್ ತೆಗೆದುಕೊಳ್ಳಿ. ಪ್ರೊಸೆಸರ್ ಉಷ್ಣತೆಯಿಂದ, ಕ್ಯಾಬಿನೆಟ್‌ನ ಮುಂದೆ ಗಾಳಿ ಒಳಹೋಗುವ ಕಡೆಯ ಉಷ್ಣತೆ ಕಳೆಯಿರಿ. ಬಂದದ್ದನ್ನು ವ್ಯಾಟ್‌ನಿಂದ ಭಾಗಿಸಿ. ನನ್ನ ಪೆಟ್ಟಿಗೆಯಲ್ಲಿ ಅದು 130 ವ್ಯಾಟ್ ಎಳೆಯುತ್ತಿತ್ತು, 95 ಕಳೆ 38 ಅಂದರೆ 57, ಹಾಗಾಗಿ ವ್ಯಾಟ್‌ಗೆ 0.44 ಡಿಗ್ರಿ ಹತ್ತಿರ. ಥರ್ಮಾಮೀಟರ್ ಗೋಡೆಗೆ ಹಾಕಿದ್ದಲ್ಲ, ಮುಂದಿನ ಫ್ಯಾನ್ ಬಾಯಿಗೇ ಹಿಡಿಯಬೇಕು. ಗೋಡೆಗೂ ಅಲ್ಲಿಗೂ ಎರಡು ಮೂರು ಡಿಗ್ರಿ ಅಂತರ ಇರುತ್ತದೆ. ₹250ರ ಡಿಜಿಟಲ್ ಥರ್ಮಾಮೀಟರ್ ಸಾಕು. ಮೇಲ್ಮಹಡಿಯ ಆರ್‌ಸಿಸಿ ಕೋಣೆಯಾದರೆ ಮಧ್ಯಾಹ್ನ ಎರಡಕ್ಕಲ್ಲ, ಸಂಜೆ ಐದಾರಕ್ಕೆ ಅಳೆಯಿರಿ. ಸ್ಲ್ಯಾಬ್ ಕಾದು ಒಳಗೆ ಬಿಡುವುದು ಆಗ.

ಈ ಲೆಕ್ಕ ಸಿಕ್ಕಿದ ಕೂಡಲೆ ವಿಷಯ ಬಯಲಾಗುತ್ತದೆ. ಕೋಣೆಯ 38ನ್ನು ಕಡಿಮೆ ಮಾಡಲು ಎ.ಸಿ. ಬೇಕು. 0.44ನ್ನು ಹೊಸ ಕೂಲರ್‌ನಿಂದ ಇಳಿಸಲು ಸಾವಿರಾರು ರೂಪಾಯಿ ಬೇಕು. ವ್ಯಾಟ್ ಇಳಿಸಲು ಮಾತ್ರ ಬಿಡಿಗಾಸೂ ಬೇಡ. ಈ ಚಿಪ್‌ನ ಕೊನೆಯ 40-50 ವ್ಯಾಟ್ ಕೊಡುವ ವೇಗ ಬರೀ ಕೆಲವು ನೂರು ಮೆಗಾಹರ್ಟ್ಜ್. ಅದಕ್ಕಾಗಿ ಇಷ್ಟೆಲ್ಲ ಬಿಸಿ ಕುದಿಸುವುದು ಕೆಲಸ ಮಾಡುವವನ ಲೆಕ್ಕವಲ್ಲ, ಬೆಂಚ್‌ಮಾರ್ಕ್ ಪಟ್ಟಿ ನೋಡುವವನ ಲೆಕ್ಕ.

ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲು ತೆರೆಯುವ ಬೋರ್ಡ್‌ನ ಸೆಟ್ಟಿಂಗ್ ಪುಟಗಳು) ಪಿಬಿಒ, ಅಂದರೆ ಚಿಪ್‌ನ ವಿದ್ಯುತ್ ಮಿತಿಗಳನ್ನು ಬದಲಿಸುವ ಎಎಂಡಿಯ ಸೌಲಭ್ಯವನ್ನು, ಅಡ್ವಾನ್ಸ್ಡ್‌ಗೆ ಹಾಕಿ ಮಿತಿಗಳನ್ನು ಕೈಯಾರೆ ಕೊಟ್ಟೆ: ಪಿಪಿಟಿ 88 ವ್ಯಾಟ್, ಟಿಡಿಸಿ (ನಿರಂತರ ಕರೆಂಟ್) 75 ಆಂಪಿಯರ್, ಇಡಿಸಿ (ಕ್ಷಣಿಕ ಗರಿಷ್ಠ ಕರೆಂಟ್) 150 ಆಂಪಿಯರ್. ಇವು ಈಗಿನ ಸಾಕೆಟ್ ಎಎಂ5ನ 65 ವ್ಯಾಟ್ ವರ್ಗದ ಚಿಪ್‌ಗಳಿಗೆ ಎಎಂಡಿಯೇ ಇಟ್ಟ ಅಂಕಿಗಳು, ನನ್ನ ಕಲ್ಪನೆಯಲ್ಲ. ಥ್ರಾಟಲ್ ಮಿತಿ, ಅಂದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುವ ಉಷ್ಣತೆ, 85. ಇಲ್ಲಿ ಎಡವಿ ಬೀಳುವ ಜಾಗಗಳು ಎರಡಿವೆ. ಬಹಳ ಬೋರ್ಡ್‌ಗಳಲ್ಲಿ ಪಿಬಿಒ ಮೆನು ಎರಡು ಕಡೆ ಇರುತ್ತದೆ, ಬೋರ್ಡ್ ಕಂಪನಿಯದ್ದೊಂದು, ಎಎಂಡಿ ಓವರ್‌ಕ್ಲಾಕಿಂಗ್ ಒಳಗಿನದ್ದೊಂದು. ಎರಡರಲ್ಲೂ ಬೇರೆ ಬೇರೆ ಹಾಕಿದರೆ ಯಾವುದು ಗೆಲ್ಲುತ್ತದೆ ಎಂದು ಹೇಳಲಾಗದು. ಒಂದನ್ನು ಮಾತ್ರ ಮುಟ್ಟಿ, ಇನ್ನೊಂದನ್ನು ಆಟೋದಲ್ಲೇ ಬಿಡಿ. ಎರಡನೆಯದು, ಎಎಂಡಿಯ ಮೆನು ಮಿಲಿವ್ಯಾಟ್‌ನಲ್ಲಿ ಕೇಳುತ್ತದೆ. ಅಲ್ಲಿ 88000 ಎಂದು ಬರೆಯಬೇಕು. ಬರೀ 88 ಹಾಕಿದರೆ ವಿಂಡೋಸ್ ತೆವಳುತ್ತಾ ಏಳುತ್ತದೆ, ಚಿಪ್ ಕೆಟ್ಟಿತೆಂದು ಗಾಬರಿಯಾಗಿ ಅಂಗಡಿಗೆ ಓಡುತ್ತೀರಿ. ಪಿಬಿಒ ಮುಟ್ಟಿದರೆ ವಾರಂಟಿಯ ಮಾತು ಬೇರೆ ಎಂಬ ಅಳುಕಿದ್ದವರು ಕಡಿಮೆ ವಿದ್ಯುತ್ತಿನ ಇಕೋ ಮೋಡ್‌ನ 65 ವ್ಯಾಟ್ ಆಯ್ದುಕೊಂಡರೆ ಇದೇ 88 ಸಿಗುತ್ತದೆ. ಆದರೆ ಮುಂದಿನ ಹೆಜ್ಜೆಗೆ ಪಿಬಿಒ ಮುಟ್ಟಲೇಬೇಕು.

ಮುಂದಿನ ಹೆಜ್ಜೆ ಕರ್ವ್ ಆಪ್ಟಿಮೈಜರ್, ಪ್ರತಿ ಕೋರ್‌ನ ವೋಲ್ಟೇಜ್ ಇಳಿಸುವ ಪಿಬಿಒ ಒಳಗಿನ ಸೆಟ್ಟಿಂಗ್. ವ್ಯಾಟ್‌ಗೆ ಬೇಲಿ ಹಾಕಿದಾಗ ಕಳೆದ ವೇಗವನ್ನು ವೋಲ್ಟೇಜ್ ಇಳಿಸಿ ವಾಪಸ್ ತರುವುದು ಇಲ್ಲೇ. ಒಂದು ಅಂಕ ಅಂದರೆ ಮೂರರಿಂದ ಐದು ಮಿಲಿವೋಲ್ಟ್. ಎಲ್ಲಾ ಕೋರ್‌ಗೆ ಮೈನಸ್ 10ರಿಂದ ಶುರು ಮಾಡಿ ಐದೈದು ಇಳಿಸುತ್ತಾ ಹೋದರೆ ಮೈನಸ್ 25, 30ಕ್ಕೂ ಸಿನೆಬೆಂಚ್ ಸರಾಗ ಓಡುತ್ತದೆ. ಮೋಸ ಹೋಗುವುದೇ ಇಲ್ಲಿ. ಪೂರ್ತಿ ಲೋಡ್‌ನಲ್ಲಿ ಕೋರ್‌ಗಳು ಐದು ಗಿಗಾಹರ್ಟ್ಜ್ ಆಸುಪಾಸಿನಲ್ಲಿ ಇರುತ್ತವೆ, ಆ ವೇಗಕ್ಕೆ ಕಡಿಮೆ ವೋಲ್ಟೇಜ್ ಸಾಕು. ಕಂಪ್ಯೂಟರ್ ಸುಮ್ಮನೆ ಇದ್ದಾಗ, ಬ್ರೌಸರ್ ತೆರೆದಾಗ, ಒಂದೇ ಕೋರ್ 5.4ಕ್ಕೆ ಹಾರುತ್ತದೆ, ಬೀಳುವುದು ಆಗ. ರಾತ್ರಿಯಿಡೀ ಎನ್‌ಕೋಡ್ ಮಾಡಿದ ಯಂತ್ರ ಬೆಳಿಗ್ಗೆ ನೋಟ್‌ಪ್ಯಾಡ್ ತೆರೆದರೆ ರೀಸ್ಟಾರ್ಟ್ ಆಗುತ್ತದೆ. ಜನ ಆಗ ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸುತ್ತಾರೆ, ರ‍್ಯಾಮ್ ಬದಲಿಸುತ್ತಾರೆ.

ಅದರ ಬದಲು ವಿಂಡೋಸ್‌ನ ದೋಷಗಳ ದಾಖಲೆಯಾದ ಈವೆಂಟ್ ವ್ಯೂವರ್ ತೆರೆದು ವ್ಹೀಯಾ-ಲಾಗರ್ (WHEA-Logger), ಈವೆಂಟ್ 18 ಹುಡುಕಿ. ಅದರೊಳಗೆ ಪ್ರೊಸೆಸರ್ ಎಪಿಐಸಿ ಐಡಿ ಇರುತ್ತದೆ. ಅದನ್ನು ಎರಡರಿಂದ ಭಾಗಿಸಿ, ಶೇಷ ಬಿಡಿ: 10 ಅಥವಾ 11 ಇದ್ದರೆ ತಪ್ಪು ಕೋರ್ 5ರದ್ದು, ಎಣಿಕೆ ಸೊನ್ನೆಯಿಂದ. ಆ ಒಂದು ಕೋರ್‌ಗೆ ಮಾತ್ರ ಐದು ಅಂಕ ವಾಪಸ್ ಕೊಡಿ. ಸಾಮಾನ್ಯವಾಗಿ ಬೀಳುವವು ಚಿಪ್‌ನ ಒಳ್ಳೆಯ ಕೋರ್‌ಗಳೇ, ಏಕೆಂದರೆ ಕಾರ್ಖಾನೆಯಿಂದ ಬರುವಾಗಲೇ ಅವಕ್ಕೆ ವೋಲ್ಟೇಜ್ ಬಿಗಿಯಾಗಿ ಕೊಟ್ಟಿರುತ್ತಾರೆ, ಇಳಿಸಲು ಜಾಗ ಕಡಿಮೆ. ನನ್ನದರಲ್ಲಿ ಎರಡು ಕೋರ್ ಮೈನಸ್ 10ರ ಹತ್ತಿರ, ಉಳಿದವು ಮೈನಸ್ 18-20ರಲ್ಲಿ ನಿಂತಿವೆ. ಪರೀಕ್ಷೆಗೆ ಕೋರ್‌ಗಳನ್ನು ಒಂದೊಂದಾಗಿ ದುಡಿಸುವ ಕೋರ್‌ಸೈಕ್ಲರ್ ತಂತ್ರಾಂಶ, ಕೋರ್‌ಗೆ ಕನಿಷ್ಠ ಒಂದು ಗಂಟೆ, ರಾತ್ರಿ ಬಿಟ್ಟು ಮಲಗುವುದು. ಇಡೀ ರಾತ್ರಿ ಕಾಯದೆ ಒಂದು ಸಂಜೆಯಲ್ಲೇ ಸೋಲುವ ಕೋರ್ ಹಿಡಿಯುವ ಉಪಾಯ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮೂರು ನಾಲ್ಕು ಯಂತ್ರಗಳ ಮೇಲೆ ನೋಡಿದ ಮೇಲೆ ಬಿಟ್ಟುಕೊಡುತ್ತೇನೆ.

ಸುಮ್ಮನೆ ಇರುವಾಗಲೇ 52-53 ತೋರಿಸುತ್ತದೆ ಎಂದು ಗೋಳಾಡುವವರು ಎಕ್ಸ್‌ಪೋ (ರ‍್ಯಾಮನ್ನು ಪೂರ್ತಿ ವೇಗಕ್ಕೆ ಏರಿಸುವ ಬಯಾಸ್ ಸೆಟ್ಟಿಂಗ್) ಆನ್ ಮಾಡಿದ್ದೀರಾ ನೋಡಿ. ಆನ್ ಮಾಡಿದ ಕೂಡಲೆ ಬೋರ್ಡ್ ಎಸ್‌ಒಸಿ ವೋಲ್ಟೇಜನ್ನು, ಅಂದರೆ ಪ್ರೊಸೆಸರ್‌ನಲ್ಲಿ ರ‍್ಯಾಮ್ ನೋಡಿಕೊಳ್ಳುವ ಭಾಗದ ವೋಲ್ಟೇಜನ್ನು, 1.25, 1.3ಕ್ಕೆ ಏರಿಸಿ ಕೂರುತ್ತದೆ. 2023ರಲ್ಲಿ ಕೆಲವು ಚಿಪ್‌ಗಳು ಸುಟ್ಟ ಮೇಲೆ ಎಎಂಡಿ 1.3ಕ್ಕೆ ಕಡಿವಾಣ ಹಾಕಿತು, ಇಲ್ಲದಿದ್ದರೆ ಇನ್ನೂ ಮೇಲೆ ಹೋಗುತ್ತಿತ್ತು. ಡಿಡಿಆರ್5 6000 ರ‍್ಯಾಮ್‌ಗೆ ನನ್ನಲ್ಲಿ 1.15 ಸಾಕಾಯಿತು. ಐಡಲ್‌ನಲ್ಲಿ ಐದಾರು ವ್ಯಾಟ್, ಮೂರು ಡಿಗ್ರಿ ಉಳಿಯಿತು. ಇಳಿಸಿದ ಮೇಲೆ ಮೆಮೊರಿ ಟೆಸ್ಟ್ ಓಡಿಸದೆ ಬಿಡಬೇಡಿ.

ಇನ್ನು ಗಾಳಿ. ಪಕ್ಕದ ಗಾಜು ತೆಗೆದು ಅದೇ ಪರೀಕ್ಷೆ ಮತ್ತೆ ಓಡಿಸಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ತಪ್ಪು ಕ್ಯಾಬಿನೆಟ್‌ನದು. ಇಳಿಯದಿದ್ದರೆ ಫ್ಯಾನ್ ಕೊಳ್ಳುವುದು ದಂಡ. ನನ್ನದರಲ್ಲಿ ಏಳು ಡಿಗ್ರಿ ಇಳಿಯಿತು. ಮುಂದೆ ಪೂರ್ತಿ ಗಾಜಿದ್ದ ಕ್ಯಾಬಿನೆಟ್. ಗಾಜು ತೆಗೆದು ನೈಲಾನ್ ಸೊಳ್ಳೆ ಪರದೆಯ ಬಟ್ಟೆ ಕಟ್ಟಿದೆ, ₹60. ಚಂದ ಹೋಯಿತು, ಉಷ್ಣತೆಯೂ ಹೋಯಿತು. ಫ್ಯಾನ್‌ಗಳಲ್ಲಿ ಮುಂದೆ ಎರಡು ಒಳಕ್ಕೆ, ಹಿಂದೆ ಒಂದು ಹೊರಕ್ಕೆ, ಇಷ್ಟರಲ್ಲೇ ಬಹುಪಾಲು ಕೆಲಸ ಮುಗಿಯುತ್ತದೆ. ಮೇಲ್ಭಾಗದಲ್ಲಿ ಎರಡು ಹಾಕಿದಾಗ ಉಷ್ಣತೆ ಒಂದೆರಡು ಡಿಗ್ರಿ ಏರಿತು! ಮುಂದಿನ ಮೂಲೆಯ ಮೇಲಿನ ಫ್ಯಾನ್, ಒಳಬಂದ ತಣ್ಣನೆ ಗಾಳಿಯನ್ನು ಕೂಲರ್ ಮುಟ್ಟುವ ಮೊದಲೇ ಹೊರಗೆಸೆಯುತ್ತಿತ್ತು. ಅದನ್ನು ತೆಗೆದು, ಹಿಂಬದಿಯ ಮೇಲಿನದ್ದನ್ನು ಮಾತ್ರ ಉಳಿಸಿದೆ.

ನಮ್ಮ ಕಡೆಯ ಮಣ್ಣಿನ ಧೂಳು ಫಿನ್‌ಗಳ ನಡುವೆ ಕೂತರೆ ಎರಡು ತಿಂಗಳಲ್ಲಿ ಮೂರು ನಾಲ್ಕು ಡಿಗ್ರಿ ಗ್ಯಾರಂಟಿ. ಕ್ಯಾಬಿನೆಟ್ ನೆಲದ ಮೇಲೆ ಇಡಬೇಡಿ, ಕೆಳಗೆ ಶಹಾಬಾದಿ ಫರಸಿ (ಹಾಸುಗಲ್ಲು) ತುಂಡುಗಳನ್ನು ಪೇರಿಸಿ ನಾಲ್ಕು ಇಂಚು ಎತ್ತರಿಸಿದರೂ ಧೂಳು ಅರ್ಧ ಕಡಿಮೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಗಾಳಿಯ ರಭಸಕ್ಕೆ ಬಿಟ್ಟರೆ ಬೇರಿಂಗ್ ಹೋಗುತ್ತದೆ.

ಫ್ಯಾನ್ ಕರ್ವ್ (ಯಾವ ಉಷ್ಣತೆಗೆ ಫ್ಯಾನ್ ಎಷ್ಟು ವೇಗ ಎಂಬ ಸೆಟ್ಟಿಂಗ್) ಬಗ್ಗೆ ಜಾಸ್ತಿ ಹೇಳುವುದಿಲ್ಲ. 65ರವರೆಗೆ 900 ಆರ್‌ಪಿಎಂ ಸಮತಟ್ಟು, 80ಕ್ಕೆ 1,350. ಮಧ್ಯದ ಬಿಂದುಗಳನ್ನು ನಿಮ್ಮ ಕಿವಿಗೆ ತಕ್ಕ ಹಾಗೆ ನೀವೇ ಹುಡುಕಿಕೊಳ್ಳಿ. ಸ್ಟೆಪ್ ಅಪ್ ಸಮಯ, ಅಂದರೆ ಫ್ಯಾನ್ ವೇಗ ಏರಿಸುವ ಮೊದಲಿನ ತಡ, ನಾಲ್ಕೈದು ಸೆಕೆಂಡ್ ಇಟ್ಟರೆ ಕ್ರೋಮ್ ತೆರೆದಾಗೆಲ್ಲ ಫ್ಯಾನ್ ಬೊಬ್ಬೆ ಹೊಡೆಯುವುದು ನಿಲ್ಲುತ್ತದೆ.

ನಡುವೆ ನಡೆದ ಅಡ್ಡ ಪ್ರಯೋಗಗಳು. ಎಎಂ5ನಲ್ಲಿ ಬಿಸಿಯಾಗುವ ತುಂಡು ಮುಚ್ಚಳದ ನಡುವೆ ಇಲ್ಲ, ಕೆಳಗಿನ ಅಂಚಿನ ಕಡೆಗೆ ಇದೆ. ಕೂಲರ್ ಕಂಪನಿ ನೋಕ್ಚುವಾದವರು ತಮ್ಮ ಕೂಲರ್‌ಗಳನ್ನು 7 ಮಿಲಿಮೀಟರ್ ಕೆಳಕ್ಕೆ ಸರಿಸುವ ಪಟ್ಟಿಗಳನ್ನೇ ಮಾರುತ್ತಾರೆ, ಒಂದರಿಂದ ಮೂರು ಡಿಗ್ರಿ ಲಾಭ ಎನ್ನುತ್ತಾರೆ. ನನ್ನ ಕೂಲರ್‌ಗೆ ಅದು ಹೊಂದದು. ಲೇಥ್ ಅಂಗಡಿಯಲ್ಲಿ ₹100 ಕೊಟ್ಟು ಬ್ರಾಕೆಟ್‌ನಲ್ಲಿ ಅಷ್ಟೇ ಅಂತರಕ್ಕೆ ಹೊಸ ರಂಧ್ರ ಕೊರೆಸಿದೆ. ಎರಡು ಡಿಗ್ರಿ ಸಿಕ್ಕಿತು. ಕೊರೆಸುವ ಮೊದಲು ಕೂಲರ್‌ನ ತಳ ಮುಚ್ಚಳವನ್ನು ಪೂರ್ತಿ ಮುಚ್ಚುತ್ತದೆಯೇ, ಕೆಳಗೆ ಗ್ರಾಫಿಕ್ ಕಾರ್ಡ್‌ಗೆ ತಾಗುತ್ತದೆಯೇ ನೋಡಿಕೊಳ್ಳಬೇಕು. ಇದೂ, ಗಾಳಿಯ ಕೆಲಸವೂ ಸೇರಿ 0.44 ಇದ್ದದ್ದು 0.41ರ ಹತ್ತಿರ ಬಂತು. 88ಕ್ಕೆ ಗುಣಿಸಿ 38 ಕೂಡಿಸಿ, 74 ಬರುತ್ತದೆ. ಯಂತ್ರ ತೋರಿಸುವುದೂ ಅದನ್ನೇ.

ಪೇಸ್ಟ್‌ನ ಬದಲು ಅಂಟಿಸುವ, ಬಿಸಿಗೆ ಮೆತ್ತಗಾಗುವ ಪಿಟಿಎಂ7950 ಶೀಟ್ ಕೂಡ ನೋಡಿದೆ, ₹900ರಷ್ಟು. ಎಂಎಕ್ಸ್-6ಗಿಂತ ಮೊದಲ ದಿನ ಒಂದು ಡಿಗ್ರಿ ಹೆಚ್ಚೇ ಇತ್ತು. ನಾಲ್ಕೈದು ಸಲ ಕಾದು ತಣಿದ ಮೇಲೆ ಸಮಕ್ಕೆ ಬಂತು. ಇದರ ಲಾಭ ಉಷ್ಣತೆಯಲ್ಲಲ್ಲ, ಪೇಸ್ಟ್‌ನಂತೆ ಒಣಗದೆ, ಹೊರಗೆ ಸರಿಯದೆ ಇರುವುದರಲ್ಲಿ. ಅಂಟಿಸುವ ಮೊದಲು ಹತ್ತು ನಿಮಿಷ ಫ್ರಿಜ್‌ನ ಫ್ರೀಜರ್‌ನಲ್ಲಿ ಇಡಿ. ನಮ್ಮ ಬೇಸಿಗೆಯಲ್ಲಿ ಮೆತ್ತಗಾಗಿ ಮೇಲಿನ ಹಾಳೆಯ ಜೊತೆಗೇ ಕಿತ್ತುಬರುತ್ತದೆ.

ನೀರು ಹಾಕುವ ಏರ್ ಕೂಲರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಇಲ್ಲಿಯ ಒಣ ಬಿಸಿಲಿಗೆ ಅದು ಕೋಣೆಯನ್ನು ಆರೇಳು ಡಿಗ್ರಿ ಇಳಿಸುತ್ತದೆ, ಪ್ರೊಸೆಸರ್ ಕೂಡ ಅಷ್ಟೇ ಇಳಿಯುತ್ತದೆ. ಮಂಗಳೂರಿನವರು ಈ ಸಾಲು ಬಿಟ್ಟು ಓದಿ, ಅಲ್ಲಿಯ ತೇವದ ಗಾಳಿಯಲ್ಲಿ ಪ್ರಯೋಜನವಿಲ್ಲ. ಆದರೆ ಅದರ ಗಾಳಿ ನೇರ ಕ್ಯಾಬಿನೆಟ್‌ಗೆ ಹೊಡೆಯಬಾರದು. ಹನಿಗಳ ಜೊತೆ ಬೋರ್‌ವೆಲ್ ನೀರಿನ ಉಪ್ಪು ಹಾರಿ ಬಂದು ಬೋರ್ಡ್ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಕಿಟಕಿಯೊಂದು ತೆರೆದಿರಲಿ, ಕೂಲರ್ ಎದುರು ಗೋಡೆಗಿರಲಿ.

ರಾತ್ರಿ ಎಕ್ಸ್265 ವಿಡಿಯೊ ಎನ್‌ಕೋಡ್‌ಗೆಂದು ಪಿಪಿಟಿ 65ಕ್ಕೂ ಇಳಿಸಿ ನೋಡಿದೆ: 64-65 ಡಿಗ್ರಿ, ಸಮಯ ಶೇಕಡಾ ಹದಿಮೂರು ಹದಿನಾಲ್ಕು ಹೆಚ್ಚು. ಆತುರವಿಲ್ಲದ ಕೆಲಸಕ್ಕೆ ಅಡ್ಡಿಯಿಲ್ಲ, ಹಗಲಿಗೆ ಬೇಡ. 88ರಲ್ಲೇ ದಿನಕ್ಕೆ ಎಂಟು ಗಂಟೆ ಲೋಡ್ ಇದ್ದರೆ ಮೊದಲಿನ 130 ವ್ಯಾಟ್‌ಗಿಂತ ದಿನಕ್ಕೆ ಒಂದು ಯೂನಿಟ್‌ನ ಮೂರನೇ ಒಂದು ಭಾಗ ಉಳಿಯುತ್ತದೆ, ಜೆಸ್ಕಾಂ ಬಿಲ್‌ನಲ್ಲಿ ತಿಂಗಳಿಗೆ ಅರವತ್ತು ಎಪ್ಪತ್ತು ರೂಪಾಯಿ. ಅದಕ್ಕಿಂತ ದೊಡ್ಡ ಲಾಭ ಯುಪಿಎಸ್‌ಗೆ. 600 ವಿಎ ಪೆಟ್ಟಿಗೆ ಮೊದಲು ಕರೆಂಟ್ ಹೋದ ಕೂಡಲೆ ಓವರ್‌ಲೋಡ್ ಎಂದು ಕಿರುಚಿ ಆಫ್ ಆಗುತ್ತಿತ್ತು, ಈಗ ಫೈಲ್ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ತಡೆಯುತ್ತದೆ.

ಬಯಾಸ್ ಅಪ್‌ಡೇಟ್ ಮಾಡಿದರೆ ಈ ಎಲ್ಲಾ ಅಂಕಿಗಳು ಅಳಿಸಿಹೋಗುತ್ತವೆ, ಹಳೆಯ ಪ್ರೊಫೈಲ್ ಹೊಸ ಆವೃತ್ತಿಯಲ್ಲಿ ಎಷ್ಟೋ ಸಲ ತೆರೆಯುವುದೇ ಇಲ್ಲ. ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಅಪ್‌ಡೇಟ್ ಆದ ಮೇಲೆ ಮೊದಲ ಬೂಟ್‌ಗೆ ಮೆಮೊರಿ ಟ್ರೇನಿಂಗ್ ಎಂದು ಹಲವು ನಿಮಿಷ ಪರದೆ ಕಪ್ಪಗೇ ಇರುತ್ತದೆ, ಆಗ ಸ್ವಿಚ್ ಒತ್ತಬೇಡಿ.