ಸ್ಮೈಲೋಡಾನ್ ಎಷ್ಟು ತೂಗುತ್ತಿತ್ತು? ಮೂಳೆ ಅಳೆದು ಲೆಕ್ಕ ಹಾಕುವುದು ಹೀಗೆ

ಸ್ಮೈಲೋಡಾನ್ ಅಂದರೆ ಈಗ ಅಳಿದುಹೋಗಿರುವ, ಉದ್ದ ಕೋರೆಹಲ್ಲಿನ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿ. ಕೋರೆಹಲ್ಲು ನೋಡಿ ಅದರ ತೂಕ ಹೇಳಲು ಹೋಗಬೇಡಿ. ಸ್ಮೈಲೋಡಾನ್‌ನ ಹಲ್ಲು ಉದ್ದವಾಗಿದ್ದದ್ದು ಅದರ ಬೇಟೆಯ ರೀತಿಗೆ, ಮೈಗಾತ್ರಕ್ಕಲ್ಲ. ಮೈಭಾರ ಹೊರುವುದು ಕಾಲು ಅಲ್ವಾ? ತೊಡೆಮೂಳೆ ಹಿಡಿಯಿರಿ. ತುದಿಯ ಗಂಟು ಬಿಟ್ಟು, ನಡುಭಾಗಕ್ಕೆ ಟೇಪು ಸುತ್ತಿ ಸುತ್ತಳತೆ ತೆಗೆದುಕೊಳ್ಳಿ. ಆಮೇಲೆ ತೂಕ ಗೊತ್ತಿರುವ ಸಿಂಹ, ಹುಲಿ, ಚಿರತೆ, ಜಾಗ್ವಾರ್‌ಗಳ ಅದೇ ಅಳತೆಯ ಜೊತೆ ಹೋಲಿಸಿ. ಒಂದೇ ಸಿಂಹ ಸಾಲದು.

ಆಕಾರ ಒಂದೇ ಇದ್ದರೆ ಉದ್ದ 10% ಜಾಸ್ತಿಯಾದಾಗ ತೂಕ ಸುಮಾರು 33% ಏರುತ್ತದೆ (1.1 × 1.1 × 1.1). ಆದರೆ ಆಕಾರ ಒಂದೇ ಇರುವುದಿಲ್ಲ, ತೊಂದರೆ ಅಲ್ಲೇ: ಲಾಸ್ ಏಂಜಲೀಸ್‌ನ ಲಾ ಬ್ರೇಯಾ ಟಾರು ಹೊಂಡಗಳಲ್ಲಿ ರಾಶಿಗಟ್ಟಲೆ ಸಿಕ್ಕಿರುವ ಸ್ಮೈಲೋಡಾನ್ ಫಟಾಲಿಸ್ ಎಂಬ ಪ್ರಭೇದದ ಮುಂಗಾಲಿನ ಮೂಳೆ ವಿಪರೀತ ದಪ್ಪ, ಬೇಟೆಯನ್ನು ಅದುಮಿ ಹಿಡಿಯಲು ಬೇಕಾದಷ್ಟು, ಹಾಗಾಗಿ ಅದೊಂದನ್ನೇ ನಂಬಿದರೆ ತೂಕ ಉಬ್ಬುತ್ತದೆ. ಹಲವು ಮೂಳೆ ಅಳೆಯಿರಿ. ಈ ಪ್ರಭೇದಕ್ಕೆ ಉತ್ತರವನ್ನೂ 160ರಿಂದ 280 ಕಿಲೋ ಅಂತಲೇ ಹೇಳಿ, ಒಂದೇ ಅಂಕಿ ಬೇಡ.

ಹೋಲಿಕೆಗೆ ತೆಗೆದುಕೊಳ್ಳುವ ಈಗಿನ ಹುಲಿಯ ಅಳತೆಯಲ್ಲೂ ಹುಷಾರು. ಹಳೇ ಶಿಕಾರಿಗಳಲ್ಲಿ ಕೆಲವರು ಮೂಗಿನಿಂದ ಬಾಲದ ತುದಿವರೆಗೆ ಬೆನ್ನಿನ ಉಬ್ಬುತಗ್ಗಿನ ಮೇಲೇ ಟೇಪು ಎಳೆಯುತ್ತಿದ್ದರು, ಕೆಲವರು ಎರಡು ಗೂಟ ನೆಟ್ಟು ನೇರ ಅಳೆಯುತ್ತಿದ್ದರು. ಮೊದಲನೆಯದರಲ್ಲಿ ಉದ್ದ ಸುಮ್ನೆ ಜಾಸ್ತಿ ಬರುತ್ತದೆ. ಹೇಗೆ ಅಳೆದರು ಅಂತ ಬರೆದಿಲ್ಲದಿದ್ದರೆ ಆ ದಾಖಲೆ ಬಿಟ್ಟುಬಿಡಿ.