ಮನೆಯ ಓವನ್ನಿನಲ್ಲಿ ಹಿತವಾದ ಸಿಹಿ ತಿನಿಸು: ಬದಲಾವಣೆಯನ್ನು ಎಲ್ಲಿಂದ ಆರಂಭಿಸಬೇಕು?

ಮನೆಯಲ್ಲಿ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಕೇಕ್ ಅಥವಾ ಬಿಸ್ಕತ್ತು ಆರೋಗ್ಯಕ್ಕೆ ಒಳ್ಳೆಯದಾಗಿಬಿಡುವುದಿಲ್ಲ. ಮೈದಾ, ಸಕ್ಕರೆ, ಬೆಣ್ಣೆಗಳನ್ನು ಧಾರಾಳವಾಗಿ ಸುರಿದು ಬೇಯಿಸಿದ ಕೇಕಿಗೂ ಅಂಗಡಿಯಿಂದ ತಂದ ಕೇಕಿಗೂ ಪೋಷಣೆಯ ದೃಷ್ಟಿಯಿಂದ ಹೆಚ್ಚಿನ ಅಂತರವಿರುವುದಿಲ್ಲ. ಯಾವುದನ್ನು ಎಷ್ಟು ಹಾಕಬೇಕೆಂಬ ತೀರ್ಮಾನ ನಮ್ಮ ಕೈಯಲ್ಲಿರುವುದೇ ಮನೆಯ ಓವನ್ನಿನ ನಿಜವಾದ ಲಾಭ. ಹಾಗೆಂದು ಈ ಮೂರನ್ನೂ ಒಂದೇ ದಿನ ಬದಲಿಸಲು ಹೊರಟರೆ ತಿನಿಸು ಗಟ್ಟಿಯಾಗಿ, ಸಪ್ಪೆಯಾಗಿ, ಮನೆಯವರು ಮತ್ತೊಮ್ಮೆ ಅದರತ್ತ ಕೈ ಚಾಚದಂತಾಗುತ್ತದೆ. ಪ್ರತಿಯೊಂದು ಪದಾರ್ಥವೂ ಹಿಟ್ಟಿನೊಳಗೆ ಮಾಡುವ ಕೆಲಸವನ್ನು ಅರಿತು, ಒಂದು ಸಲಕ್ಕೆ ಒಂದನ್ನಷ್ಟೇ ಬದಲಿಸುವುದು ಸರಿಯಾದ ದಾರಿ.

ಮೊದಲು ಕೈ ಹಾಕಬೇಕಾದದ್ದು ಸಕ್ಕರೆಗೆ. ನಾವು ಸೇರಿಸುವ ಸಕ್ಕರೆ, ಜೇನುತುಪ್ಪ, ಪಾಕ, ಹಣ್ಣಿನ ರಸ ಇವುಗಳಿಂದ ಬರುವ ಸಕ್ಕರೆಯಂಶವು ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕೆಂದೂ, ಶೇಕಡಾ 5ಕ್ಕಿಂತ ಕೆಳಗಿಳಿದರೆ ಇನ್ನೂ ಉತ್ತಮವೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿತು. ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾಗುವ ವಯಸ್ಕರಿಗೆ ಈ ಎರಡು ಮಿತಿಗಳು ಸುಮಾರು 50 ಗ್ರಾಂ ಮತ್ತು 25 ಗ್ರಾಂ ಆಗುತ್ತವೆ. ಮಕ್ಕಳಿಗೆ ಅದಕ್ಕಿಂತ ಕಡಿಮೆ. ಒಂದು ಬಟ್ಟಲು, ಅಂದರೆ 200 ಗ್ರಾಂ ಸಕ್ಕರೆ ಹಾಕಿದ ಕೇಕನ್ನು ಎಂಟು ಹೋಳು ಮಾಡಿದರೆ ಪ್ರತಿ ಹೋಳಿನಲ್ಲಿಯೂ 25 ಗ್ರಾಂ ಇರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಸಕ್ಕರೆ ಕೇವಲ ಸಿಹಿಗಾಗಿ ಇರುವುದಲ್ಲ. ಅದು ತೇವವನ್ನು ಹಿಡಿದಿಡುತ್ತದೆ, ತಿನಿಸನ್ನು ಮೃದುವಾಗಿಸುತ್ತದೆ, ಬೆಣ್ಣೆಯೊಂದಿಗೆ ನಾದುವಾಗ ಗಾಳಿಯನ್ನು ಒಳಗೆಳೆದುಕೊಂಡು ಕೇಕ್ ಉಬ್ಬಲು ನೆರವಾಗುತ್ತದೆ ಮತ್ತು ಮೇಲ್ಭಾಗಕ್ಕೆ ಹೊಂಬಣ್ಣ ಕೊಡುತ್ತದೆ. ಆದ್ದರಿಂದ ಅದನ್ನು ಒಮ್ಮೆಲೇ ಅರ್ಧಕ್ಕಿಳಿಸದೆ ಮೊದಲ ಸಲ ಕಾಲು ಭಾಗದಷ್ಟು ಕಡಿಮೆ ಮಾಡಬೇಕು. ಹೆಚ್ಚಿನ ಕೇಕ್‌ಗಳಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಹಣ್ಣು ಬೆರೆಸಿದ ಮಫಿನ್‌ಗಳಲ್ಲಿ ಮೂರನೆಯ ಒಂದು ಭಾಗದವರೆಗೂ ತಗ್ಗಿಸಬಹುದು. ಗರಿಗರಿಯಾದ ಬಿಸ್ಕತ್ತುಗಳಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಸಕ್ಕರೆ ಕಡಿಮೆಯಾದಷ್ಟೂ ಅವು ಹರಡದೆ ದಪ್ಪಗೆ ಉಳಿಯುತ್ತವೆ. ಅವನ್ನು ತಟ್ಟೆಯ ಮೇಲೆ ಕೈಯಿಂದಲೇ ತೆಳುವಾಗಿ ಒತ್ತಿ ಬೇಯಿಸುವುದು ಒಳಿತು. ಚಕ್ಕೆಪುಡಿ, ಏಲಕ್ಕಿ, ವೆನಿಲ್ಲಾ, ಚಿಟಿಕೆ ಉಪ್ಪು ಇವು ಇರುವಷ್ಟೇ ಸಿಹಿಯನ್ನು ನಾಲಿಗೆಗೆ ಎತ್ತಿ ತೋರಿಸುತ್ತವೆ.

ಸಕ್ಕರೆಯ ಬದಲು ಜೇನುತುಪ್ಪ ಹಾಕಿದರೆ ತಿನಿಸು ಆರೋಗ್ಯಕರವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಮೇಲೆ ಹೇಳಿದ ಲೆಕ್ಕದಲ್ಲಿ ಜೇನುತುಪ್ಪವೂ ಸಕ್ಕರೆಯೇ. ರುಚಿಗಾಗಿ ಬಳಸುವುದಾದರೆ ಒಂದು ಬಟ್ಟಲು ಸಕ್ಕರೆಗೆ ಮುಕ್ಕಾಲು ಬಟ್ಟಲು ಸಾಕು. ಅದರಲ್ಲಿ ನೀರಿನಂಶವಿರುವುದರಿಂದ ಉಳಿದ ದ್ರವವನ್ನು ಮೂರು ದೊಡ್ಡ ಚಮಚದಷ್ಟು ಕಡಿಮೆ ಮಾಡಿ, ಬೇಗ ಕಂದುವುದರಿಂದ ಓವನ್ನಿನ ಕಾವನ್ನು ಸುಮಾರು 15 ಡಿಗ್ರಿ ಇಳಿಸಬೇಕು. ಒಂದು ವರ್ಷದೊಳಗಿನ ಶಿಶುಗಳಿಗೆ ಜೇನು ಹಾಕಿದ ತಿನಿಸನ್ನು ಕೊಡಲೇಬಾರದು. ಜೇನಿನಲ್ಲಿರಬಹುದಾದ, ಬಾಟುಲಿಸಂ ಎಂಬ ನರಗಳನ್ನು ದುರ್ಬಲಗೊಳಿಸುವ ಗಂಭೀರ ಕಾಯಿಲೆ ತರುವ ರೋಗಾಣುವಿನ ಬೀಜಕಗಳು ಓವನ್ನಿನ ಕಾವಿಗೂ ಸಾಯುವುದಿಲ್ಲ.

ಎರಡನೆಯ ಬದಲಾವಣೆ ಹಿಟ್ಟಿನದು. ಮೈದಾದ ಅರ್ಧದಷ್ಟನ್ನು ಗೋಧಿ ಹಿಟ್ಟಿಗೆ ಬದಲಿಸುವುದು ಒಳ್ಳೆಯ ಆರಂಭ. ಗೋಧಿಯ ತವುಡಿನ ಚೂರುಗಳು ಸಣ್ಣ ಬ್ಲೇಡುಗಳಂತೆ ಹಿಟ್ಟಿನ ಅಂಟಿನ ಎಳೆಗಳನ್ನು ಕತ್ತರಿಸುವುದರಿಂದ ಕೇಕ್ ಸ್ವಲ್ಪ ಕಡಿಮೆ ಉಬ್ಬುತ್ತದೆ. ತವುಡು ನೀರನ್ನೂ ಹೆಚ್ಚಾಗಿ, ಆದರೆ ನಿಧಾನವಾಗಿ ಹೀರುತ್ತದೆ. ಬಟ್ಟಲು ಹಿಟ್ಟಿಗೆ ಒಂದೆರಡು ದೊಡ್ಡ ಚಮಚ ಹಾಲು ಹೆಚ್ಚಿಗೆ ಸೇರಿಸಿ, ಕಲಸಿದ ಹಿಟ್ಟನ್ನು ಹದಿನೈದು ನಿಮಿಷ ನೆನೆಯಲು ಬಿಟ್ಟರೆ ಬಾಯಿಗೆ ತರಿತರಿಯಾಗಿ ಸಿಗುವುದು ತಪ್ಪುತ್ತದೆ. ಎಣ್ಣೆಯಂಶವಿರುವ ಮೊಳಕೆಯ ಭಾಗವೂ ಗೋಧಿ ಹಿಟ್ಟಿನಲ್ಲಿ ಉಳಿದಿರುವುದರಿಂದ ಅದು ಮೈದಾಕ್ಕಿಂತ ಬೇಗ ಮುಗ್ಗಲು ವಾಸನೆಗೆ ತಿರುಗುತ್ತದೆ. ಕಹಿ ಬಂದ ಕೇಕಿಗೆ ಎಷ್ಟೋ ಸಲ ಹಳೆಯ ಹಿಟ್ಟೇ ಕಾರಣ.

ಕೊಬ್ಬಿನ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಭಾಗಶಃ ಹೈಡ್ರೋಜನೀಕರಿಸಿದ, ಅಂದರೆ ಹೈಡ್ರೋಜನ್ ಸೇರಿಸಿ ಗಟ್ಟಿಯಾಗಿಸಿದ ಎಣ್ಣೆಯಿಂದ ಮಾಡಿದ ವನಸ್ಪತಿ, ಮಾರ್ಗರಿನ್‌ಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಇರುವುದರಿಂದ ಅವನ್ನು ಅಡುಗೆಮನೆಯಿಂದಲೇ ದೂರವಿಡಬೇಕು. ಬೆಣ್ಣೆಯ ಬದಲು ಸೂರ್ಯಕಾಂತಿಯಂತಹ ಎಣ್ಣೆ ಬಳಸುವಾಗ ಬೆಣ್ಣೆಯ ಮುಕ್ಕಾಲು ಅಳತೆ ಸಾಕು, ಏಕೆಂದರೆ ಬೆಣ್ಣೆಯಲ್ಲಿ ಕೊಬ್ಬಿರುವುದು ಸುಮಾರು ಶೇಕಡಾ 80 ಮಾತ್ರ. ಕೊಬ್ಬನ್ನು ಪೂರ್ತಿ ತೆಗೆದರೆ ಕೇಕ್ ರಬ್ಬರಿನಂತಾಗುತ್ತದೆ. ಅರ್ಧದಷ್ಟನ್ನು ಕಿವುಚಿದ ಬಾಳೆಹಣ್ಣು ಅಥವಾ ಬೇಯಿಸಿ ನುಣ್ಣಗೆ ಮಾಡಿದ ಸೇಬಿಗೆ ಬದಲಿಸಿದರೆ ಸಾಕು.

ಇವೆಲ್ಲವೂ ಒಟ್ಟಿಗೆ ಕೂಡಿ ಬರುವ ಒಂದು ತಿನಿಸೆಂದರೆ ಬಾಳೆಹಣ್ಣು ಮತ್ತು ಓಟ್ಸ್‌ನ ಮಫಿನ್. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳು ತುಂಬಿಕೊಂಡ ಮೂರು ಬಾಳೆಹಣ್ಣುಗಳನ್ನು ಆರಿಸಿಕೊಳ್ಳಬೇಕು. ಹಣ್ಣು ಮಾಗಿದಂತೆ ಅದರ ಪಿಷ್ಟ ಸಕ್ಕರೆಯಾಗಿ ಮಾರ್ಪಡುವುದರಿಂದ ನಾವು ಸೇರಿಸಬೇಕಾದದ್ದು ಕಡಿಮೆಯಾಗುತ್ತದೆ. ಅವನ್ನು ಚೆನ್ನಾಗಿ ಕಿವುಚಿ, 50 ಗ್ರಾಂ ಸಕ್ಕರೆ, ಕಾಲು ಬಟ್ಟಲು ಎಣ್ಣೆ, ಅರ್ಧ ಬಟ್ಟಲು ಮೊಸರು ಮತ್ತು ಒಂದು ಮೊಟ್ಟೆ ಸೇರಿಸಿ ಕಲಕಬೇಕು. ಮೊಟ್ಟೆ ತಿನ್ನದವರು ಒಂದು ದೊಡ್ಡ ಚಮಚ ಅಗಸೆಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿ, ಅದು ಲೋಳೆಯಾದ ಮೇಲೆ ಹಾಕಬಹುದು. ಈ ಮಿಶ್ರಣಕ್ಕೆ ಅರ್ಧ ಬಟ್ಟಲು ಓಟ್ಸ್ ಹಾಕಿ ಹತ್ತು ನಿಮಿಷ ನೆನೆಯಲು ಬಿಡಬೇಕು. ಬೇರೊಂದು ಪಾತ್ರೆಯಲ್ಲಿ 150 ಗ್ರಾಂ ಗೋಧಿ ಹಿಟ್ಟು, ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್, ಅರ್ಧ ಚಿಕ್ಕ ಚಮಚ ಅಡುಗೆ ಸೋಡಾ, ಚಕ್ಕೆಪುಡಿ ಮತ್ತು ಚಿಟಿಕೆ ಉಪ್ಪನ್ನು ಜರಡಿ ಹಿಡಿದು, ಜರಡಿಯಲ್ಲಿ ಉಳಿದ ತವುಡನ್ನೂ ಎಸೆಯದೆ ಸೇರಿಸಿಕೊಳ್ಳಬೇಕು.

ಎರಡನ್ನೂ ಕೂಡಿಸಿದ ಮೇಲೆ ಒಣ ಹಿಟ್ಟು ಕಾಣದಾಗುವವರೆಗೆ ಮಾತ್ರ ಸೌಟಿನಿಂದ ತಿರುವಿ ಅಲ್ಲಿಗೇ ನಿಲ್ಲಿಸಬೇಕು. ಇನ್ನೂ ಕಲಕುತ್ತ ಹೋದರೆ ಅಂಟು ಬಿಗಿಯಾಗಿ ಮಫಿನ್ ಜಿಗುಟಾಗುತ್ತದೆ. ಸೋಡಾ ಮೊಸರಿನ ಹುಳಿಯೊಡನೆ ಸೇರಿದ ಕೂಡಲೇ ಗುಳ್ಳೆಗಳೇಳಲು ತೊಡಗುವುದರಿಂದ ಓವನ್ ಅಷ್ಟರಲ್ಲಿ 180 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಲೇಬೇಕು. ಹನ್ನೆರಡು ಅಚ್ಚುಗಳಿಗೆ ಹಂಚಿ 18ರಿಂದ 22 ನಿಮಿಷ ಬೇಯಿಸಿ, ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಹೊರತೆಗೆಯಬಹುದು. ಒಂದೊಂದು ಮಫಿನ್‌ಗೆ ನಾವು ಸೇರಿಸಿದ ಸಕ್ಕರೆ ಸುಮಾರು 4 ಗ್ರಾಂ, ಅಂದರೆ ಒಂದು ಚಿಕ್ಕ ಚಮಚದಷ್ಟು.

ಬಣ್ಣ ಹೊಂಬಣ್ಣದಲ್ಲಿರುವಾಗಲೇ ತೆಗೆಯಬೇಕೆಂಬುದಕ್ಕೆ ರುಚಿಯೊಂದೇ ಕಾರಣವಲ್ಲ: ಹಿಟ್ಟಿನ ತಿನಿಸು ಕಡುಗಂದಾಗುವಷ್ಟು ಬೆಂದಂತೆ ಅದರಲ್ಲಿ ಅಕ್ರಿಲಮೈಡ್ ಎಂಬ ಬೇಡವಾದ ರಾಸಾಯನಿಕ ಹೆಚ್ಚುತ್ತದೆ. ಜೊತೆಗೆ ಕೂತು ಕಲಸುವ ಮಕ್ಕಳು ಹಸಿ ಹಿಟ್ಟನ್ನು ನೆಕ್ಕದಂತೆ ನೋಡಿಕೊಳ್ಳಬೇಕು, ಏಕೆಂದರೆ ಹಸಿ ಮೊಟ್ಟೆಯಂತೆ ಹಸಿ ಹಿಟ್ಟಿನಲ್ಲಿಯೂ ರೋಗಾಣುಗಳಿರಬಹುದು. ಐದು ವರ್ಷದೊಳಗಿನವರಿಗೆ ಬಾದಾಮಿ, ಗೋಡಂಬಿಗಳನ್ನು ಇಡಿಯಾಗಿ ಹಾಕದೆ ಪುಡಿ ಮಾಡಿಯೇ ಬಳಸಬೇಕು. ಗಂಟಲಿಗೆ ಸಿಕ್ಕುವ ಅಪಾಯ ನಿಜವಾದದ್ದು.

ಸಕ್ಕರೆ ಕಡಿಮೆಯಿರುವ, ಹಣ್ಣಿನ ತೇವವಿರುವ ತಿನಿಸು ಬೇಗ ಕೆಡುತ್ತದೆ. ಪೂರ್ತಿ ತಣ್ಣಗಾದ ಮೇಲೆ ಎರಡು ದಿನಕ್ಕೆ ಬೇಕಾದಷ್ಟನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಉಳಿದವನ್ನು ಒಂದೊಂದಾಗಿ ಸುತ್ತಿ ಫ್ರೀಜರಿನಲ್ಲಿಟ್ಟರೆ ಎರಡು ತಿಂಗಳವರೆಗೂ ರುಚಿ ಕೆಡುವುದಿಲ್ಲ. ಬೇಕಾದಾಗ ಒಂದನ್ನಷ್ಟೇ ತೆಗೆದು ಬಿಸಿ ಮಾಡಿಕೊಳ್ಳಬಹುದು, ಇಡೀ ತಟ್ಟೆ ಕಣ್ಣೆದುರಿಗಿದ್ದಾಗ ಆಗುವಂತೆ ಎರಡನೆಯದಕ್ಕೆ ಕೈ ಹೋಗುವುದೂ ಕಡಿಮೆಯಾಗುತ್ತದೆ.